ಪೂರ್ವದ ಗೋಡೆಯ ಫೋಟೋ

೨೦೨೪ರ ಜುಲೈ ೮, ಸೋಮವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಸೀತಾಲಕ್ಷ್ಮಿ ಕಾಫಿ ಫಿಲ್ಟರಿಗೆ ಎರಡನೇ ಸಲ ಬಿಸಿನೀರು ಹೊಯ್ಯುತ್ತಿದ್ದರು. ಪಕ್ಕದ ಸೈಟಿನಲ್ಲಿ ಜೆಸಿಬಿ ಗುಡುಗಿತು. ಷೆಲ್ಫಿನಲ್ಲಿ ಒಂದರೊಳಗೊಂದು ಕೂತಿದ್ದ ಸ್ಟೀಲ್ ಲೋಟಗಳು ಕಿಣಿಕಿಣಿ ಎಂದವು.

"ಸೀತಾ, ಬಾ ಇಲ್ಲಿ. ನನ್ನ ಮೇಲೆ ಸುಣ್ಣ ಉದುರ್ತಾ ಇದೆ," ಎಂದು ಪೂರ್ವದ ಕೋಣೆಯಿಂದ ಗಂಡ ಶಾಮಣ್ಣ ಕೂಗಿದರು.

ಹೋಗಿ ನೋಡಿದರು. ದಿಂಬಿನ ಮೇಲೆ ಉಪ್ಪು ಚಿಮುಕಿಸಿದ ಹಾಗೆ ಬಿಳಿ ಪುಡಿ ಬಿದ್ದಿತ್ತು. ಕಿಟಕಿಯ ಮೇಲಿನ ಮೂಲೆಯಿಂದ ಸೂರಿನ ತನಕ ಒಂದು ಗೆರೆ, ಕೆಳಗಿನ ಮೂಲೆಯಿಂದ ನೆಲದ ಕಡೆಗೆ ಇನ್ನೊಂದು ಗೆರೆ. ಎರಡೂ ಕೂದಲೆಳೆಯಷ್ಟು ಸಣ್ಣವು. ಹಿಂದಿನ ದಿನ ಇರಲಿಲ್ಲ. ಸೀತಾಲಕ್ಷ್ಮಿ ಉಗುರಿನಿಂದ ಕೆದಕಿ ನೋಡಿದರು. ಉಗುರು ಒಳಗೆ ಇಳಿಯಲಿಲ್ಲ. ತ್ಯಾಗರಾಜನಗರದ ಆ ಮನೆ ಐವತ್ತಮೂರು ವರ್ಷ ಹಳೆಯದು. ಪಕ್ಕದ ಹೆಂಚಿನ ಮನೆ ಮಾರಾಟವಾಗಿ, ಅಲ್ಲಿ ನಾಲ್ಕು ಅಂತಸ್ತು, ಅದರಡಿಗೆ ಎರಡು ನೆಲಮಾಳಿಗೆ ಏಳಲಿದ್ದವು. ಅದಕ್ಕಾಗಿ ತೋಡುತ್ತಿದ್ದ ಗುಂಡಿಗೂ ಈ ಗೋಡೆಗೂ ನಡುವೆ ಮೂರು ಅಡಿ ಜಾಗ.

"ಈ ಕೋಣೆ ಬಿಟ್ಟು ನಡುಮನೆಗೆ ಬನ್ನಿ, ನಾಲ್ಕು ದಿನ," ಎಂದರು.

"ನಡುಮನೇಲಿ ಮಲಗಿಸೋದು ಹೆಣಾನ," ಎಂದರು ಶಾಮಣ್ಣ. "ನಮ್ಮಪ್ಪನ್ನ, ನಮ್ಮಮ್ಮನ್ನ ಅಲ್ಲೇ ಮಲಗಿಸಿದ್ವಿ. ನನಗಿನ್ನೂ ಟೈಮಿದೆ. ಕಾಫಿ ಆಯ್ತಾ?"

ಎಪ್ಪತ್ತಾರು ವರ್ಷದ ಅವರಿಗೆ ಮಾರ್ಚಿನಲ್ಲಿ ಮಂಡಿ ಆಪರೇಷನ್ ಆಗಿತ್ತು. ಕೆಳಗಿನ ಮನೆಯಲ್ಲಿ ಕಮೋಡ್ ಇದ್ದದ್ದು ಆ ಕೋಣೆಗೆ ಮಾತ್ರ. ಆದರೆ ಅವರು ಹೇಳುವ ಕಾರಣ ಮಾತ್ರ ಹೆಣದ್ದೇ.

ಗಲಾಟೆ ಕೇಳಿ ಮೊಮ್ಮಗಳು ಸುರಭಿ ಕ್ಯಾಮೆರಾ ಹಿಡಿದುಕೊಂಡೇ ಬಂದಳು. "ಅಜ್ಜಿ, ಸ್ವಲ್ಪ ಸರ್ಕೋ. ಸಖತ್ತಾಗಿದೆ ಈ ಕ್ರ್ಯಾಕ್."

ಬಿ.ಕಾಂ. ಮುಗಿಸಿ ಎರಡು ವರ್ಷವಾಗಿತ್ತು. ಮದುವೆ ಫೋಟೋಗ್ರಾಫರುಗಳು, ಕೆಫೆಗಳವರು ಕಳಿಸುವ ಹೊಚ್ಚ ಹೊಸ ಫೋಟೋಗಳನ್ನು ಹಳೆಯವಾಗಿ ಕಾಣುವಂತೆ ಮಾಡುವುದು ಅವಳ ಕೆಲಸ. ಗೀರು, ಧೂಳು, ನೀರಿನ ಕಲೆ, ಮಡಿಕೆಯ ಗುರುತು, ಸುಲಿದ ಬಣ್ಣ, ಎಲ್ಲದರ ಫೋಟೋವನ್ನೂ ಬೇರೆ ಬೇರೆ ತೆಗೆದಿಟ್ಟುಕೊಂಡು, ಕಂಪ್ಯೂಟರಿನಲ್ಲಿ ಮೂಲ ಚಿತ್ರದ ಮೇಲೆ ಒಂದೊಂದು ಪದರವಾಗಿ ಹಾಸಿ, ಬೇಕಾದಷ್ಟು ಕಾಣುವಂತೆ ತೆಳುಮಾಡುತ್ತಿದ್ದಳು. ಸಾಮಗ್ರಿಯೆಲ್ಲ ಮನೆಯದೇ: ಕಾವಲಿಯ ತಳ, ಗೀರುಬಿದ್ದ ಊಟದ ತಟ್ಟೆ, ಅರಿಸಿನ ಹತ್ತಿದ ಒರೆಸುವ ಬಟ್ಟೆ. ಈಗ ಈ ಗೋಡೆ.

ಉಪ್ಪಿಟ್ಟು ಬಡಿಸುತ್ತಾ ಅವಳ ತಾಯಿ ರಾಜಶ್ರೀ ಶುರುಮಾಡಿದರು. "ಚೆನ್ನಾಗಿರೋ ಫೋಟೋನ ಕೆಡಿಸೋಕೆ ಜನ ದುಡ್ಡು ಕೊಡ್ತಾರಂತೆ. ನಾನು ಇಪ್ಪತ್ತೈದು ವರ್ಷದಿಂದ ನಿಮ್ಮಪ್ಪನ ಷರ್ಟಿನ ಕಲೆ ತೆಗೀತಾ ಇದೀನಿ. ನನಗೊಬ್ಬರೂ ಕೊಡಲ್ಲ."

"ಆ ಷರ್ಟು ಕೊಡು, ಅದನ್ನೂ ಫೋಟೋ ತೆಗೀತೀನಿ," ಎಂದಳು ಸುರಭಿ.

"ತೆಗಿ. ಸಿ.ಎ. ಕ್ಲಾಸಿಗೆ ಸೇರು ಅಂದ್ರೆ ಸೇರಬೇಡ, ಕಾವಲಿ ಫೋಟೋ ತೆಗಿ."

ಸುರಭಿಯ ತಂದೆ, ಸೀತಾಲಕ್ಷ್ಮಿಯ ಮಗ ಭಾರ್ಗವ ತಟ್ಟೆಯಿಂದ ತಲೆಯೆತ್ತಲಿಲ್ಲ. ವಿಮಾ ಕಂಪನಿಯಲ್ಲಿ ಕೆಲಸ. ಅಮ್ಮ ಗೋಡೆಯ ವಿಷಯ ತೆಗೆದಾಗ, "ಹಳೇ ಮನೆ ಅಮ್ಮ, ಬಿರುಕು ಬಿಡುತ್ತೆ. ಪಕ್ಕದವರ ಜೊತೆ ಈಗಲೇ ಜಗಳ ಬೇಡ. ನಾಳೆ ನಮ್ಮ ಸೈಟನ್ನೂ ಅವರೇ ಕಟ್ಟಿಕೊಡಬಹುದು," ಎಂದ.

"ನಾಳೆ ಕಟ್ಟೋಕೆ ಇವತ್ತು ಬೀಳಿಸ್ತಾ ಇದಾರಾ?" ಎಂದರು ಸೀತಾಲಕ್ಷ್ಮಿ.

ಮೂವತ್ತೊಂದು ವರ್ಷ ಮಹಿಳಾ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವರು ಅವರು. ಉಪ್ಪಿನಕಾಯಿ ಜಾಡಿಯ ಮೇಲೂ ಗ್ಯಾಸ್ ಸಿಲಿಂಡರಿನ ಮೇಲೂ ತಾರೀಕು ಬರೆಯುವ ಹೆಂಗಸು. ಅಂದು ಮಧ್ಯಾಹ್ನವೇ ಬಿಲ್ಡರನ ಕಚೇರಿಗೊಂದು, ವಾರ್ಡ್ ಆಫೀಸಿಗೊಂದು ಪತ್ರ ಬರೆದರು. ಫೋನಿನಲ್ಲಿ ತೆಗೆದ ಫೋಟೋ ಲಗತ್ತಿಸಿದರು.

ನಾಲ್ಕು ದಿನ ಕಳೆದ ಮೇಲೆ ಸೈಟಿನ ಮೇಸ್ತ್ರಿ ಸಂಗಮೇಶ ಗೇಟಿನ ಹತ್ತಿರ ಬಂದು ನಿಂತ. ಬಾಗಲಕೋಟೆ ಕಡೆಯವನು. "ಅಮ್ಮಾರ, ಐವತ್ತು ವರ್ಷದ ಮನಿ. ಸಣ್ಣ ಸೀಳು ಬಿಡ್ತಾವ್ರಿ. ಏನೂ ಆಗಂಗಿಲ್ಲ. ಫೋಟೋದಾಗ ಕಾಣ್ಸಾಕೂ ಇಲ್ಲಂದ್ರು ಸಾಹೇಬ್ರು."

ಅಷ್ಟರಲ್ಲಿ ಉಗುರು ಒಳಗೆ ಇಳಿಯುತ್ತಿತ್ತು.

ಜುಲೈ ಹದಿನೈದಕ್ಕೆ ಎರಡನೇ ಪತ್ರ ತಯಾರಾಯಿತು. ಆ ಹೊತ್ತಿಗೆ ಕುಕ್ಕರು ಮೂರನೇ ಸೀಟಿ ಹಾಕುತ್ತಿತ್ತು, ಹುಳಿಗೆ ಒಗ್ಗರಣೆ ಸೀಯುತ್ತಿತ್ತು. ಸೀತಾಲಕ್ಷ್ಮಿ ಸೌಟು ಹಿಡಿದೇ ಹೇಳಿದರು: "ಸುರಭಿ, ನೀನೇ ಒಳ್ಳೇ ಕ್ಯಾಮೆರಾದಲ್ಲಿ ತೆಗೆದು ಪ್ರಿಂಟ್ ಹಾಕಿಸ್ಕೊಂಡು ಬಾ. ಈ ಸಲ ಎದ್ದು ಕಾಣಬೇಕು."

"ಎದ್ದು ಕಾಣಿಸ್ತೀನಿ ಬಿಡು," ಎಂದಳು ಹುಡುಗಿ.

ಸಂಜೆ ಪ್ರಿಂಟು ಬಂತು. ಕನ್ನಡಕ ಪೂಜೆಮನೆಯಲ್ಲಿತ್ತು. ಒಗ್ಗರಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸೀತಾಲಕ್ಷ್ಮಿ ಪತ್ರದ ಕೆಳಗೆ ಸಹಿ ಹಾಕಿದರು. ಸಹಿಯ ಕೆಳಗೆ, ತೂಕವಿರಲೆಂದು, 'ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ' ಎಂದೂ ಬರೆದರು. ಫೋಟೋವನ್ನು ಶಾಮಣ್ಣನಿಗೆ ತೋರಿಸಿದಳು ಸುರಭಿ. ಅವರು ಅದನ್ನು ನೋಡಿ, ತಲೆಯ ಹಿಂದಿನ ಗೋಡೆ ನೋಡಿ, ನಕ್ಕರು. "ಇದು ನಮ್ಮ ಮನೆ ಗೋಡೇನಾ, ಹಂಪೀದಾ?"

ಆ ನಗುವಿಗೆ ಯಾರೂ ಅರ್ಥ ಹುಡುಕಲಿಲ್ಲ.

ಶುಕ್ರವಾರ, ಜುಲೈ ಹತ್ತೊಂಬತ್ತು, ಬಿಲ್ಡರನ ಇಂಜಿನಿಯರ್ ಸಿದ್ಧಾರ್ಥ ಬಂದ. ಮೂವತ್ತರ ಆಸುಪಾಸಿನವನು, ಬೂಟು ಹೊರಗೇ ಬಿಟ್ಟು ಬಂದ. ರಾಜಶ್ರೀ ಕಾಫಿ ತಂದಿಟ್ಟರು. ಅವನು ಗೋಡೆಯ ಹತ್ತಿರ ಹೋಗಿ ಫೋಟೋವನ್ನು ಪಕ್ಕದಲ್ಲಿ ಹಿಡಿದು ಬಹಳ ಹೊತ್ತು ನಿಂತ.

"ಮೇಡಂ, ಇಲ್ಲಿ ಬರ್ತೀರಾ?"

ಸೀತಾಲಕ್ಷ್ಮಿ ಹೋದರು. ಈ ಸಲ ಕನ್ನಡಕವಿತ್ತು.

"ಫೋಟೋದಲ್ಲಿ ಬಿರುಕು ಬೆರಳು ತೂರೋಷ್ಟಿದೆ. ಗೋಡೇಲಿ ಎರಡು ಮಿಲಿಮೀಟರ್ ಇದ್ದೀತು. ಅದಿರ್ಲಿ. ಈ ಸುಲಿದ ಚಕ್ಕೆ ನೋಡಿ, ಸೊಟ್ಟ ಬಾಲ ಇರೋದು. ಇಲ್ಲೊಂದಿದೆ. ಈಗ ಈ ಕಡೆ ನೋಡಿ. ಅದೇ ಚಕ್ಕೆ, ಅದೇ ಬಾಲ. ಗೋಡೇಲಿ ಒಂದೂ ಇಲ್ಲ."

ಸೀತಾಲಕ್ಷ್ಮಿ ನೋಡಿದರು. ಎರಡು ಚಕ್ಕೆಗಳು, ಒಂದೇ ಅಚ್ಚಿನಲ್ಲಿ ಒತ್ತಿದ ಸಂಡಿಗೆಯ ಹಾಗೆ.

"ಉಪನ್ಯಾಸಕಿ ಅಂತ ಬರೆದಿದೀರ," ಎಂದ ಸಿದ್ಧಾರ್ಥ, ತಗ್ಗಿದ ದನಿಯಲ್ಲಿ. "ಅದಕ್ಕೇ ನಾನೇ ಬಂದೆ. ಇಲ್ಲಾಂದ್ರೆ ಸಂಗಮೇಶನ್ನ ಕಳಿಸ್ತಿದ್ದೆ."

ಭಾರ್ಗವ ನಡುವೆ ಬಾಯಿ ಹಾಕಿದ. "ಹುಡುಗಿ ಏನೋ ಮಾಡಿಬಿಟ್ಟಿದಾಳೆ ಸಾರ್. ತಪ್ಪು ತಿಳ್ಕೋಬೇಡಿ."

"ಪರವಾಗಿಲ್ಲ ಸಾರ್. ನಾವೇ ಪ್ಲಾಸ್ಟರ್ ಮಾಡಿ ಪೇಂಟ್ ಹೊಡೆಸಿಕೊಡ್ತೀವಿ. ನಿಮಗೆ ಖರ್ಚಿಲ್ಲ. ಸೋಮವಾರ ಜನ ಕಳಿಸಲಾ?"

"ಕಳಿಸಿ, ಕಳಿಸಿ," ಎಂದ ಭಾರ್ಗವ.

ಕಾಫಿ ಮುಟ್ಟದೆ ಸಿದ್ಧಾರ್ಥ ಹೋದ. ಗೇಟು ಹಾಕಿಕೊಳ್ಳುವ ಸದ್ದಿಗೇ ಕಾದಿದ್ದ ಹಾಗೆ ಮನೆ ಸಿಡಿಯಿತು.

"ಏನ್ ಮಾಡಿದೆ ನೀನು?" ಎಂದರು ರಾಜಶ್ರೀ.

"ಮೂಲ ಫೋಟೋ ಕೊಟ್ರೆ ಕಾಣಿಸ್ತಿಲ್ಲ ಅಂದ್ರಲ್ಲ ಅವರು! ತಿಲಕ್ ನಗರದಲ್ಲಿ ಬೇಕರಿ ಹಿಂದಿನ ಕಾಂಪೌಂಡ್ ಗೋಡೆಯದು ಒಂದು ಟೆಕ್ಸ್ಚರ್ ಇತ್ತು, ಅದನ್ನ ಮೇಲೆ ಹಾಕಿದೆ. ಬಿರುಕನ್ನ ಸ್ವಲ್ಪ ಅಗಲ ಎಳೆದೆ. ಅಜ್ಜೀನೇ ಎದ್ದು ಕಾಣಬೇಕು ಅಂದಿದ್ದು."

"ಒಂದೇ ಚಕ್ಕೇನ ಎರಡು ಕಡೆ ಹಾಕಬಾರದು ಅನ್ನೋ ಅಷ್ಟೂ ಬುದ್ಧಿ ಇಲ್ಲ," ಎಂದ ಭಾರ್ಗವ.

"ಅಂದ್ರೆ ಬೇರೆ ಬೇರೆ ಚಕ್ಕೆ ಹಾಕಿದ್ರೆ ಸರಿಯಾಗ್ತಿತ್ತೇನ್ರೀ?" ರಾಜಶ್ರೀಗೆ ಸಿಟ್ಟು ಬಂದರೆ ಧಾರವಾಡದ ತವರುಮಾತು ಬಾಯಿಗೆ ಬರುತ್ತಿತ್ತು. "ಮಗಳು ಸುಳ್ಳು ಫೋಟೋ ಮಾಡ್ಯಾಳ, ನೀವು ಅದರಾಗ ಕುಶಲಕಲಾ ಹುಡುಕ್ಲಿಕ್ಕತ್ತೀರಿ! ಇನ್ನ ಖರೇನ ಗೋಡಿ ಬಿದ್ದರ ಯಾರು ನಂಬ್ತಾರ?"

"ಅಮ್ಮ, ನಾನು ದಿನಾ ಮಾಡೋ ಕೆಲ್ಸ ಅದೇ. ಯಾರೂ ಸುಳ್ಳು ಅಂತ ಅನ್ನಲ್ಲ."

"ನಿನ್ನ ಕ್ಲೈಂಟಿಗೆ ಅದು ಹಳೇದಲ್ಲ ಅಂತ ಗೊತ್ತಿರುತ್ತೆ," ಎಂದರು ಸೀತಾಲಕ್ಷ್ಮಿ, ಮೊದಲ ಸಲ ಬಾಯಿಬಿಟ್ಟು. "ಅದು ಅಲಂಕಾರ. ಇದನ್ನ ನಿಜ ಅಂತ ಬರೆದು ನಾನು ಸಹಿ ಹಾಕಿದೀನಿ. ನೋಡದೆ ಹಾಕಿದೀನಿ. ನಿನ್ನ ತಪ್ಪು ಅರ್ಧ, ನನ್ನ ತಪ್ಪು ಅರ್ಧ."

ಅಂದು ಮಧ್ಯಾಹ್ನ ನಾಲ್ಕೂ ಜನ ನಾಲ್ಕು ಹೊತ್ತಿಗೆ ಊಟಮಾಡಿದರು. ಶಾಮಣ್ಣನ ತಟ್ಟೆಯನ್ನು ಸೀತಾಲಕ್ಷ್ಮಿ ಕೋಣೆಗೇ ಒಯ್ದರು.

"ಪ್ಲಾಸ್ಟರ್ ಬೇಡ," ಎಂದರು ಅವರು ಗಂಡನಿಗೆ. "ಮುಚ್ಚಿಬಿಟ್ರೆ ಒಳಗೆ ಏನಾಗ್ತಿದೆ ಅಂತ ಗೊತ್ತಾಗಲ್ಲ."

"ಏನಾಗ್ತಿದೆ?"

"ಗೊತ್ತಿಲ್ಲ. ಅಳೆದಿಲ್ಲ."

"ಅಳೆಯೋ ತನಕ ಮಜ್ಜಿಗೆ ಬಡಿಸು," ಎಂದರು ಶಾಮಣ್ಣ.

ಮರುದಿನ ಶನಿವಾರ. ಬೆಳಿಗ್ಗೆ ಒಂಬತ್ತಕ್ಕೆ ಸೀತಾಲಕ್ಷ್ಮಿ ಒಬ್ಬರೇ ಪಕ್ಕದ ಸೈಟಿಗೆ ಹೋದರು. ಹೆಂಗಸರು ಯಾರೂ ಕಾಲಿಡದ ಕೆಸರು ಅದು. ಸಂಗಮೇಶ ಓಡಿಬಂದು ಹಲಗೆ ಹಾಕಿದ. ಸಿದ್ಧಾರ್ಥ ತಲೆಯ ಹೆಲ್ಮೆಟ್ ತೆಗೆದ.

"ನಿನ್ನೆ ಫೋಟೋ ಸುಳ್ಳು," ಎಂದರು ಸೀತಾಲಕ್ಷ್ಮಿ. "ನಾನು ನೋಡದೆ ಸಹಿ ಹಾಕಿದೆ. ವಾರ್ಡ್ ಆಫೀಸಿಗೂ ಹೋಗಿ ಅದನ್ನ ವಾಪಸ್ ತಗೊಂಡು, ತಪ್ಪಾಯ್ತು ಅಂತ ಬರೆದುಕೊಡ್ತೀನಿ. ಆದ್ರೆ ಗೋಡೆ ಸುಳ್ಳಲ್ಲ. ಚಿತ್ರ ಬಿಡಿ. ಬಿರುಕಿನ ಆಚೆಗೊಂದು ಈಚೆಗೊಂದು ಮೊಳೆ ಹೊಡೆಯೋಣ. ನಡುವಿನ ಅಂತರ ಅಳೆಯೋಣ. ಬಿರುಕು ದೊಡ್ಡದಾದ್ರೆ ಮೊಳೆ ದೂರ ಆಗುತ್ತೆ. ಮೊಳೆಗೆ ಯಾವ ಪದರ ಹಾಕೋಕೂ ಆಗಲ್ಲ."

ಸಿದ್ಧಾರ್ಥ ಗುಂಡಿಯ ಮೂಲೆ ತೋರಿಸಿದ. "ಆಗಸ್ಟ್ ಮೂರಕ್ಕೆ ನಿಮ್ಮ ಗೋಡೆ ಪಕ್ಕದ ಮೂಲೆ ಅಗೀಬೇಕು. ಇವತ್ತಿನ ಅಂತರಕ್ಕಿಂತ ಅರ್ಧ ಮಿಲಿಮೀಟರ್ ಜಾಸ್ತಿ ಆದ್ರೆ, ಯಾವತ್ತಾದ್ರೂ ಸರಿ, ಫೋನ್ ಮಾಡಿ. ಆ ಕಡೆ ಕೆಲಸ ನಿಲ್ಲಿಸಿ ಮೊದಲು ತಡೆಗೋಡೆ ಹಾಕಿಸ್ತೀನಿ. ಆಗ್ಲಿಲ್ಲ ಅಂದ್ರೆ ಮೂರನೇ ತಾರೀಕು ಅಗೀತೀವಿ. ಒಪ್ತೀರಾ?"

"ಬರೆದುಕೊಡಿ."

ಬರೆದುಕೊಟ್ಟ. ಅವನ ಎದುರಿಗೇ ಎರಡು ಉಕ್ಕಿನ ಮೊಳೆ ಹೊಡೆಸಿದರು. ಮನೆಯಲ್ಲಿ ಒಂದು ವರ್ನಿಯರ್ ಕ್ಯಾಲಿಪರ್ ಇತ್ತು, ನಿವೃತ್ತಿಯ ದಿನ ವಿಭಾಗದವರು ಶಾಲಿನ ಜೊತೆ ತಮಾಷೆಗೆಂದು ಕೊಟ್ಟದ್ದು. ಮೊಳೆಗಳನ್ನು ಅದರ ದವಡೆಯಲ್ಲಿ ಹಿಡಿದರೆ ದೊಡ್ಡ ಪಟ್ಟಿ ಮಿಲಿಮೀಟರ್ ಹೇಳುತ್ತದೆ. ಜಾರುವ ಚಿಕ್ಕ ಪಟ್ಟಿಯ ಎಷ್ಟನೇ ಗೀಟು ದೊಡ್ಡ ಪಟ್ಟಿಯ ಗೀಟಿಗೆ ನೇರ ಕೂಡುತ್ತದೋ ಅಷ್ಟು ಹತ್ತನೇ ಭಾಗ. ಮೊದಲ ಅಳತೆ ೪೨.೧ ಮಿಲಿಮೀಟರ್. ನಿಲ್ಲಿಸಬೇಕಾದ ಅಳತೆ ೪೨.೬.

ಮನೆಯಲ್ಲಿ ಭಾರ್ಗವ ಕೂಗಾಡಿದ. "ಫ್ರೀ ಪೇಂಟ್ ಬಿಟ್ಟು ಮೊಳೆ ಹೊಡೆಸಿಕೊಂಡು ಬಂದಿದೀಯಲ್ಲಮ್ಮ! ಬೀದೀಲಿ ಎಲ್ಲ ನಗ್ತಾರೆ."

"ನಗಲಿ. ಬೆಳಿಗ್ಗೆ ಆರಕ್ಕೆ ಅಳೀತೀನಿ. ಬಿಸಿಲಿಗೆ ಗೋಡೆ ಹಿಗ್ಗುತ್ತೆ, ಅದಕ್ಕೇ ದಿನಾ ಅದೇ ಹೊತ್ತು. ಆ ಹೊತ್ತಿಗೆ ಯಾರೂ ಕೋಣೇಲಿ ಬಟ್ಟೆ ಒಣಗಿಸಬಾರದು, ಬಾಗಿಲು ಧಡಾರ್ ಅನ್ನಿಸಬಾರದು."

"ಮಲಗಿರೋ ಮನುಷ್ಯ ಉಸಿರಾಡಬಹುದಾ?" ಎಂದು ಮಂಚದ ಮೇಲಿನಿಂದ ಶಾಮಣ್ಣ ಕೇಳಿದರು.

ಸುರಭಿ ಮೂರು ದಿನ ಕಂಪ್ಯೂಟರ್ ತೆರೆಯಲಿಲ್ಲ. ನಾಲ್ಕನೇ ಬೆಳಿಗ್ಗೆ ತಾನೇ ಬಂದು ಅಜ್ಜಿಯ ಪಕ್ಕ ನಿಂತಳು.

"ನಾನು ಫೋಟೋ ತೆಗೀಲಾ?"

"ಪಟ್ಟಿ ಕಾಣಬೇಕು. ತಾರೀಕು ಬರೆದ ಚೀಟಿ ಕಾಣಬೇಕು."

"ಏನೂ ಹಾಕಲ್ಲ ಅಜ್ಜಿ. ಆಣೆ."

"ಆಣೆ ಬೇಡ. ತೆಗೆದ ಹಾಗೇ ಕೊಡು."

ಅಳತೆ ಎರಡು, ಮೂರು, ನಾಲ್ಕು ದಿನ ೪೨.೧ರಲ್ಲೇ ನಿಂತಿತು. ಆಫೀಸಿಗೆ ಹೊರಡುವಾಗ ಭಾರ್ಗವ, "ಎಷ್ಟಮ್ಮ ಇವತ್ತು? ಚಿನ್ನದ ರೇಟಿಗಿಂತ ಗಟ್ಟಿಯಾಗಿದೆ," ಎನ್ನುತ್ತಿದ್ದ. ರಾಜಶ್ರೀ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡದೆ ಇಡುತ್ತಿದ್ದರು. ಇಪ್ಪತ್ತೈದರಿಂದ ಮಳೆ ಹಿಡಿಯಿತು. ಗುಂಡಿಯಲ್ಲಿ ನೀರು ನಿಂತು, ಪಂಪು ಹಗಲೆಲ್ಲ ಹೊಡೆದುಕೊಳ್ಳುತ್ತಿತ್ತು. ಇಪ್ಪತ್ತೇಳಕ್ಕೆ ೪೨.೨. ಮೂವತ್ತಕ್ಕೆ ೪೨.೩. ಆಗಸ್ಟ್ ಒಂದಕ್ಕೆ ೪೨.೪.

ಭಾರ್ಗವನ ತಮಾಷೆ ನಿಂತಿತು. ಒಂದನೇ ತಾರೀಕು ರಾತ್ರಿ ಊಟಕ್ಕೆ ಕೂತಾಗ ಅವನೇ ಕೇಳಿದ: "ಅಪ್ಪ, ಹಾಲ್‌ನಲ್ಲಿ ದಿವಾನ ಹಾಕ್ತೀನಿ. ಬಾತ್‌ರೂಮಿಗೆ ನಾನು ಕೈಹಿಡಿದು ಕರ್ಕೊಂಡು ಹೋಗ್ತೀನಿ."

"ನಿಮ್ಮಮ್ಮ ಹತ್ತನೇ ಭಾಗ ಲೆಕ್ಕ ಹಾಕ್ತಾಳೆ, ನೀನು ನನ್ನ ಎತ್ತಿ ನಡುಮನೆಗೆ ಹಾಕ್ತೀಯ. ಚೆನ್ನಾಗಿದೆ. ಹೋಗಯ್ಯಾ."

"ಮಾವ, ಹಟ ಮಾಡಬ್ಯಾಡ್ರಿ," ಎಂದರು ರಾಜಶ್ರೀ.

"ಹಟ ಅಲ್ಲ. ಆ ಫೋಟೋ ನೋಡಿದ ದಿನದಿಂದ ನನಗೆ ಈ ಬಿರುಕು ಅಂದ್ರೆ ನಗು ಬರುತ್ತೆ. ನಾನೇನ್ ಮಾಡ್ಲಿ?"

ಸುರಭಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಶನಿವಾರ, ಆಗಸ್ಟ್ ಮೂರು. ಬೆಳಿಗ್ಗೆ ಆರಕ್ಕೆ ಸಿದ್ಧಾರ್ಥ ಬಂದ. ಹೊರಗೆ ಜೆಸಿಬಿ ಮೂಲೆಯ ಹತ್ತಿರ ಬಂದು, ಕೈ ಮಡಚಿಕೊಂಡು ಕಾದಿತ್ತು. ಮನೆಯವರೆಲ್ಲ ಕೋಣೆಯಲ್ಲಿ ತುಂಬಿದ್ದರು. ಶಾಮಣ್ಣ ಮಂಚದ ಮೇಲೆ ಗೋಡೆಗೆ ಬೆನ್ನುಕೊಟ್ಟು ಕೂತಿದ್ದರು.

ಸಿದ್ಧಾರ್ಥ ಕ್ಯಾಲಿಪರ್ ಹಿಡಿದು ಬಗ್ಗಿದ. ಎದ್ದ. ಮತ್ತೆ ಬಗ್ಗಿದ. "ನಲವತ್ತೆರಡು ಸರಿ. ಆಮೇಲೆ ಐದನೇ ಗೀಟೋ, ಆರನೇ ಗೀಟೋ... ಎರಡೂ ಕೂಡಿದ ಹಾಗಿದೆ. ನಾನು ಡಿಜಿಟಲ್ ಉಪಯೋಗಿಸೋನು. ನೀವೇ ನೋಡಿ ಮೇಡಂ. ನೀವು ಹೇಳಿದ್ದು ನನಗೆ ಒಪ್ಪಿಗೆ."

ಅವನು ಕ್ಯಾಲಿಪರನ್ನು ಕೈಗೆ ಕೊಟ್ಟುಬಿಟ್ಟ.

ಸೀತಾಲಕ್ಷ್ಮಿ ಮಂಡಿಯೂರಿ ಕೂತರು. ಕಿವಿಯ ಹತ್ತಿರ ಸುರಭಿ ಪಿಸುಗುಟ್ಟಿದಳು: "ಆರು ಅನ್ನು ಅಜ್ಜಿ." ಹಿಂದಿನಿಂದ ಭಾರ್ಗವ ಗಂಟಲು ಸರಿಮಾಡಿಕೊಂಡ. ಹೊರಗೆ ಜೆಸಿಬಿ ಗುರುಗುಟ್ಟುತ್ತಿತ್ತು.

"ಟಾರ್ಚ್ ಬಿಡು," ಎಂದರು ಸೀತಾಲಕ್ಷ್ಮಿ.

ಬೆಳಕು ಬಿತ್ತು. ಪಟ್ಟಿಗೆ ಕಣ್ಣು ನೇರ ತಂದು ನೋಡಿದರು. ದವಡೆ ತೆಗೆದು ಮತ್ತೆ ಹಿಡಿದು ನೋಡಿದರು. ಮೂರನೇ ಸಲವೂ ನೋಡಿದರು. ಆರನೇ ಗೀಟು ದೊಡ್ಡ ಗೀಟಿಗಿಂತ ಒಂದೆಳೆ ಆಚೆಗಿತ್ತು. ಐದನೆಯದು ಕೂಡಿತ್ತು.

"ಐದು. ನಲವತ್ತೆರಡು ಪಾಯಿಂಟ್ ಐದು."

ಸಿದ್ಧಾರ್ಥ ಬರೆದುಕೊಂಡ. ಹೊರಡುವಾಗ ಬಾಗಿಲಲ್ಲಿ ನಿಂತು, "ನಿಧಾನವಾಗಿ ಅಗೆಸ್ತೀನಿ ಮೇಡಂ," ಎಂದ. ಬೂಟು ಹಾಕಿಕೊಂಡು ಸೈಟಿಗೆ ಹೋದ.

ಏಳಕ್ಕೆ ಮೂಲೆಯಲ್ಲಿ ಮೊದಲ ಬಕೆಟ್ ಮಣ್ಣು ಎದ್ದಿತು.

"ಅತ್ತೆ, ಒಂದು ಗೀಟು!" ರಾಜಶ್ರೀ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದರು. "ಒಂದು ಗೀಟು ಹೆಚ್ಚಿಗಿ ಹೇಳಿದ್ರ ನಿಮ್ಮ ಗಂಟೇನು ಹೋಗ್ತಿತ್ತು? ಆ ಹುಡುಗಾನ ಆರೂ ಇರಬಹುದು ಅಂದಾ. ಅಂವಗ ನಿಲ್ಲಿಸೋ ಮನಸಿತ್ತು!"

"ಆರು ಇರ್ಲಿಲ್ಲ."

"ನಿಮಗ ಮಾವ ದೊಡ್ಡವರೋ, ಗೀಟು ದೊಡ್ಡದೋ?"

"ಅಮ್ಮ, ನಾಳೆ ಆರಾಗುತ್ತೆ, ಅದು ಗೊತ್ತಿದ್ದೂ ಇವತ್ತು ಐದು ಅಂದ್ರೆ ಏನರ್ಥ?" ಎಂದ ಭಾರ್ಗವ. ಆಫೀಸಿಗೆ ರಜೆ ಹಾಕಿದ್ದ. "ಅಪ್ಪ ಆ ಕೋಣೆ ಬಿಡ್ತಾ ಇಲ್ಲ. ನಿನ್ನ ಪ್ರಾಮಾಣಿಕತೆಯ ಸರ್ಟಿಫಿಕೇಟಿಗೆ ಅವರನ್ನ ಅಡವಿಡ್ತೀಯಾ?"

ಸೀತಾಲಕ್ಷ್ಮಿ ಈಳಿಗೆಮಣೆ ಎಳೆದುಕೊಂಡು ಹುರುಳಿಕಾಯಿ ಹೆಚ್ಚಲು ಕೂತರು. ಕಾಯಿ ಒಂದು ಉದ್ದ, ಒಂದು ಗಿಡ್ಡ ಬೀಳುತ್ತಿತ್ತು. ಸುರಭಿ ಬಂದು ಎದುರು ಕೂತು, ಬುಟ್ಟಿಯಿಂದ ಕಾಯಿ ತೆಗೆದು ನಾರು ಬಿಡಿಸತೊಡಗಿದಳು.

"ನನ್ನಿಂದ ಆಯ್ತು ಅಜ್ಜಿ. ನಾನು ಆ ಫೋಟೋ ಮಾಡದಿದ್ರೆ ನಿನಗೆ ಆರು ಅನ್ನೋಕೆ ಆಗ್ತಿತ್ತು."

"ಆಗ್ತಿರ್ಲಿಲ್ಲ. ಆದ್ರೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ."

ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಕರೆಯಲು ಹೋದಾಗ ಶಾಮಣ್ಣ ಮಂಚದ ಅಂಚಿನಲ್ಲಿ ವಾಕರ್ ಹಿಡಿದು ಕೂತಿದ್ದರು. ಅವರ ದೃಷ್ಟಿ ಆ ಎರಡು ಮೊಳೆಗಳ ಮೇಲಿತ್ತು.

"ಭಾರ್ಗವನ್ನ ಕರಿ," ಎಂದರು.

ಭಾರ್ಗವ ಬಂದ. ಹಿಂದೆಯೇ ರಾಜಶ್ರೀ, ಸುರಭಿ.

"ಮಂಚದ ಆ ತುದಿ ಹಿಡ್ಕೊಳಯ್ಯ. ನಡುಮನೆಗೆ ಹಾಕು."

ಭಾರ್ಗವ ಮಂಚದ ತುದಿಗೆ ಕೈ ಹಾಕಿದ.

"ಯಾಕಪ್ಪ, ಈಗ?"

"ಫೋಟೋದಲ್ಲಿ ಬೆರಳು ತೂರೋಷ್ಟು ಬಿರುಕು ತೋರಿಸಿದ್ರಿ, ನಾನು ಹೆದರಲಿಲ್ಲ. ನೀವೆಲ್ಲ ಸೇರಿ ನನ್ನ ಹೊರಗೆ ಹಾಕೋಕೆ ಆಟ ಆಡ್ತಿದೀರ ಅಂದ್ಕೊಂಡೆ. ಇವತ್ತು ಇವಳಿಗೆ ಆರು ಅನ್ನೋಕೆ ಅವಕಾಶ ಇತ್ತು. ಆ ಹುಡುಗ ಕೈಗೇ ಕೊಟ್ಟ. ಇವಳು ಐದು ಅಂದ್ಲು." ಶಾಮಣ್ಣ ಮೊಳೆಗಳ ಕಡೆ ಕೈ ತೋರಿಸಿದರು. "ಹಾಗಾದ್ರೆ ನಲವತ್ತೆರಡು ಒಂದು ಇದ್ದದ್ದು ನಲವತ್ತೆರಡು ಐದು ಆಗಿರೋದು ನಿಜ. ಈಗ ನನಗೆ ಭಯ ಆಗ್ತಿದೆ. ಎಳಿ ಮಂಚ."

ಮಂಚ ಬಾಗಿಲಲ್ಲಿ ತೂರಲಿಲ್ಲ. ಕಾಲು ಬಿಚ್ಚಬೇಕಾಯಿತು. ಸ್ಕ್ರೂ ತುಕ್ಕು ಹಿಡಿದಿತ್ತು. ಭಾರ್ಗವ ಬೈದುಕೊಂಡು ತಿರುಗಿಸಿದ, ರಾಜಶ್ರೀ ತೆಂಗಿನೆಣ್ಣೆ ಬಿಟ್ಟರು. ಸುರಭಿ ಟಿ.ವಿ. ಸ್ಟ್ಯಾಂಡು, ಕಂಪ್ಯೂಟರ್ ಮೇಜು ಎಲ್ಲ ಪಕ್ಕಕ್ಕೆ ತಳ್ಳಿ ಜಾಗ ಮಾಡಿದಳು. ಅಲಮಾರಿಯ ಬಟ್ಟೆಗಳು, ಔಷಧಿ ಡಬ್ಬಿ, ಪಂಚಾಂಗ, ಕೊನೆಗೆ ಶಾಮಣ್ಣ. ಎಲ್ಲ ಮುಗಿಯುವಾಗ ಮೂರೂಕಾಲು. ತಣ್ಣಗಾದ ಅನ್ನಕ್ಕೆ ಬಿಸಿ ಸಾರು ಕಲಸಿಕೊಂಡು ಐದೂ ಜನ ಮಂಚದ ಸುತ್ತ ಕೂತು ತಿಂದರು. ಕಮೋಡಿಗೆ ಹೋಗುವಾಗ ಮಾತ್ರ ಭಾರ್ಗವ ತಂದೆಯ ತೋಳು ಹಿಡಿದು ಆ ಕೋಣೆ ದಾಟಿಸುತ್ತಿದ್ದ, ಒಳಗೆ ಒಂದು ನಿಮಿಷವೂ ಹೆಚ್ಚಿಗೆ ನಿಲ್ಲಗೊಡುತ್ತಿರಲಿಲ್ಲ. ಜೆಸಿಬಿ ಆರಕ್ಕೆ ನಿಂತಿತು. ಆಮೇಲೆ ಮಳೆ ಬಂತು.

ಮರುದಿನ ಭಾನುವಾರ, ಭೀಮನ ಅಮಾವಾಸ್ಯೆ. ರಾಜಶ್ರೀ ಐದೂವರೆಗೇ ಎದ್ದು ಕಡುಬಿಗೆ ಹಿಟ್ಟು ನಾದುತ್ತಿದ್ದರು. ಅತ್ತೆ ಕ್ಯಾಲಿಪರ್ ತೆಗೆದುಕೊಂಡದ್ದನ್ನು ನೋಡಿ, "ಇವತ್ತಾದರೂ ಗಂಡಂದಿರ ಪೂಜಿ ಮೊದಲು ಮಾಡೋಣ, ಗೋಡಿ ಪೂಜಿ ಆಮ್ಯಾಲೆ," ಎಂದರು. ದನಿಯಲ್ಲಿ ಹಿಂದಿನ ದಿನದ ಸಿಟ್ಟು ಇರಲಿಲ್ಲ. ಅದು ಎಲ್ಲಿಗೋ ಹೋಗಿ, ಅದರ ಜಾಗದಲ್ಲಿ ಭಯ ಕೂತಿತ್ತು.

"ಆರು ಗಂಟೆ," ಎಂದರು ಸೀತಾಲಕ್ಷ್ಮಿ.

ಪೂರ್ವದ ಕೋಣೆಯ ಬಾಗಿಲು ತೆರೆಯಲಿಲ್ಲ. ಚಿಲಕ ಹಾಕಿರಲಿಲ್ಲ. ಮೇಲಿನ ಚೌಕಟ್ಟು ಕೆಳಗಿಳಿದು ಬಾಗಿಲನ್ನು ಕಚ್ಚಿ ಹಿಡಿದಿತ್ತು. ಭಾರ್ಗವ ಬಂದು ಭುಜ ಕೊಟ್ಟು ಎರಡು ಸಲ ತಳ್ಳಿದ ಮೇಲೆ ಒಂದಡಿ ಸರಿಯಿತು. ಅಷ್ಟರಲ್ಲೇ ಸುರಭಿ ತೂರಿದಳು.

"ನೀನು ಬೇಡ, ಹೊರಗೆ ಬಾ!" ರಾಜಶ್ರೀ ಹಿಟ್ಟಿನ ಕೈಯಲ್ಲೇ ಮಗಳ ತೋಳು ಹಿಡಿದರು.

"ಅಜ್ಜಿಗೆ ಈ ಸಂದಿ ಆಗಲ್ಲಮ್ಮ. ಬಿಡು."

ಸೀತಾಲಕ್ಷ್ಮಿ ಒಂದು ಕ್ಷಣ ಸೊಸೆಯ ಮುಖ ನೋಡಿದರು. "ಎರಡು ನಿಮಿಷ ರಾಜಶ್ರೀ. ನಾನು ಇಲ್ಲೇ ಇರ್ತೀನಿ," ಎಂದರು. ಸಂದಿಯಿಂದ ಕ್ಯಾಲಿಪರ್ ಒಳಗೆ ಚಾಚಿದರು. "ಟಾರ್ಚ್ ಹಿಡ್ಕೋ. ಕಣ್ಣು ಪಟ್ಟಿಗೆ ನೇರ ತಾ. ಅವಸರ ಮಾಡಬೇಡ."

ಭಾರ್ಗವ ಸಿದ್ಧಾರ್ಥನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಹಿಡಿದಿದ್ದ. "ಹೇಳಿ ಸಾರ್, ಎಷ್ಟು ಬಂತು? ನಲವತ್ತೆರಡು ಪಾಯಿಂಟ್ ಆರು ಮುಟ್ಟಿತಾ?" ಎಂಬ ನಿದ್ದೆಗಣ್ಣಿನ ದನಿ ಎರಡು ಸಲ ಕೇಳಿತು. ನಡುಮನೆಯಿಂದ ಶಾಮಣ್ಣ, "ಯಾರಾದ್ರೂ ಮಾತಾಡ್ರೋ," ಎಂದರು.

ಒಳಗಿನಿಂದ ಸುರಭಿ ಒಂದು ಸಂಖ್ಯೆ ಹೇಳಿದಳು.

"ಯಾರೂ ಬರ್ಕೋಬೇಡಿ," ಎಂದರು ಸೀತಾಲಕ್ಷ್ಮಿ. "ತೆಗೆದು ಇನ್ನೊಂದು ಸಲ ಇಡು. ಗೀಟು ಯಾವುದು ಕೂಡಿದೆ ಅಂತ ನೋಡು. ಪಕ್ಕದ್ದನ್ನೂ ನೋಡು. ಆಮೇಲೆ ಹೇಳು."

ಲೋಹ ಲೋಹಕ್ಕೆ ತಾಗಿದ ಸಣ್ಣ ಸದ್ದು ಬಂತು. ಟಾರ್ಚಿನ ಬೆಳಕು ಗೋಡೆಯ ಮೇಲೆ ಅಲ್ಲಾಡಿ ನಿಂತಿತು.

"ನಾಲ್ಕನೇದು ಕೂಡಿದೆ ಅಜ್ಜಿ. ಮೂರೂ ಇಲ್ಲ, ಐದೂ ಇಲ್ಲ. ಮೊದಲು ಬಂದಿದ್ದೇ ಬಂತು."

"ಜೋರಾಗಿ ಹೇಳು. ಫೋನಿಗೆ ಕೇಳಲಿ."

"ನಲವತ್ತಮೂರು ಪಾಯಿಂಟ್ ನಾಲ್ಕು ಮಿಲಿಮೀಟರ್."